ಮುಂಗುಸಿ ಬಾಯಿ ತೊಳೆದುಕೊಂಡು ಬರಬಾರದಿತ್ತಾ? ಗೊತ್ತಿಲ್ಲದೆ ಮಾಡಿದ ತಪ್ಪಿನ ಕತೆಗಳನ್ನು ಬಿಡಿಸಿ ನೋಡುವ ಬಗೆ

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳಿಗೆ ಊಟ ಮಾಡಿಸುತ್ತಾ ಮುಂಗುಸಿ ಕತೆ ಹೇಳುತ್ತಿದ್ದೆ. ನಿಮಗೂ ಗೊತ್ತಿರುವ ಕತೆಯೇ. ತೊಟ್ಟಿಲಲ್ಲಿ ಮಗು, ಕಾವಲಿಗೆ ಸಾಕಿದ ಮುಂಗುಸಿ. ತಾಯಿ ನೀರಿಗೆ ಹೋಗಿದ್ದಾಳೆ. ಹಾವು ಬರುತ್ತದೆ, ಮುಂಗುಸಿ ಅದನ್ನು ಕಚ್ಚಿ ಕೊಲ್ಲುತ್ತದೆ. ತಾಯಿ ಬಂದ ಸದ್ದು ಕೇಳಿ ಬಾಗಿಲಿಗೆ ಓಡುತ್ತದೆ. ಬಾಯೆಲ್ಲ ರಕ್ತ. ಅಯ್ಯೋ, ನನ್ನ ಮಗೂನ ತಿಂದುಬಿಟ್ಟಿತು ಅಂತ ತಾಯಿ ತುಂಬಿದ ಕೊಡವನ್ನೇ ಅದರ ಮೇಲೆ ಎತ್ತಿ ಹಾಕುತ್ತಾಳೆ.

ಅಷ್ಟರಲ್ಲಿ ಹುಡುಗಿ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದಳು. "ಮಾಮಾ, ಮುಂಗುಸಿ ಬಾಯಿ ತೊಳ್ಕೊಂಡು ಬರ್ಬಾರ್ದಿತ್ತಾ?"

'ಅದಕ್ಕೇ ದುಡುಕಬಾರದು ಪುಟ್ಟಾ' ಅನ್ನುವ ನೀತಿ ನನ್ನ ನಾಲಿಗೆ ತುದಿಯಲ್ಲಿ ರೆಡಿ ಇತ್ತು. ನುಂಗಿಕೊಂಡೆ. ನಾನು ಇಷ್ಟು ವರ್ಷ ಆ ತಾಯಿಗೆ ಏನು ಗೊತ್ತಿರಲಿಲ್ಲ ಅನ್ನುವುದನ್ನಷ್ಟೇ ನೋಡಿದ್ದೆ. ಮುಂಗುಸಿಗೂ ಒಂದು ವಿಷಯ ಗೊತ್ತಿರಲಿಲ್ಲ, ತಾನು ಹೇಗೆ ಕಾಣುತ್ತಿದ್ದೇನೆ ಅಂತ. ಏಳು ವರ್ಷದ ಹುಡುಗಿ ಅದನ್ನು ಹಿಡಿದುಬಿಟ್ಟಿದ್ದಳು.

ನಮ್ಮ ಜನಪದ ಕತೆಗಳಲ್ಲಿ ಅರಿಯದೆ ಮಾಡಿದ ಕೆಲಸಕ್ಕೆ ದೊಡ್ಡ ಬೆಲೆ ತೆರುವವರು ಸಾಲುಸಾಲಾಗಿ ಸಿಗುತ್ತಾರೆ. ಇಂಥ ಕತೆ ಕೈಗೆ ಬಂದಾಗ ಅದನ್ನು ಹೇಗೆ ಬಿಡಿಸಿ ನೋಡಬೇಕು, ಮಕ್ಕಳಿಗೆ ಹೇಗೆ ಹೇಳಬೇಕು, ಮನೆಯ ಹಿರಿಯರಿಂದ ಹೇಗೆ ಬರೆದುಕೊಳ್ಳಬೇಕು ಎಂದು ನಾನು ಮಾಡಿ ನೋಡಿದ ದಾರಿ ಇದು. ಕತೆ ಹೇಳುವ ಅಪ್ಪ ಅಮ್ಮಂದಿರಿಗೆ, ಮೇಷ್ಟ್ರು ಮೇಡಂಗಳಿಗೆ ಉಪಯೋಗಕ್ಕೆ ಬರಬಹುದು. ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಸಾಕು.

ಹಂತ 1: ಹತ್ತು ವಾಕ್ಯದಲ್ಲಿ ಬರೆಯಿರಿ, ಒಂದಕ್ಕೆ ಗೆರೆ ಎಳೆಯಿರಿ

ಮೊದಲೇ ರಾಮಾಯಣ ಮಹಾಭಾರತಕ್ಕೆ ಕೈ ಹಾಕಬೇಡಿ. ಅಲ್ಲಿ ಒಂದು ತಪ್ಪಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಶಾಪ. ತಲೆ ಕೆಡುತ್ತದೆ. ಚಿಕ್ಕ ಕತೆ ತಗೊಳ್ಳಿ. ಅದನ್ನು ಹತ್ತೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ, ಇಲ್ಲಿಂದ ಮುಂದೆ ವಾಪಸ್ ಬರುವ ಹಾಗಿಲ್ಲ ಅನ್ನಿಸುವ ವಾಕ್ಯಕ್ಕೆ ಗೆರೆ ಎಳೆಯಿರಿ.

ಮುಂಗುಸಿ ಕತೆಯಲ್ಲಿ ಬಹಳ ಜನ 'ಹಾವು ಬಂತು' ಅನ್ನುವುದಕ್ಕೆ ಗೆರೆ ಎಳೆಯುತ್ತಾರೆ. ಅಲ್ಲ. ಹಾವು ಬಂದ ಮೇಲೂ ಎಲ್ಲರೂ ಬದುಕುವ ದಾರಿ ಇತ್ತು. ಮಗು ಬದುಕಿಯೇ ಇದೆ. ಗೆರೆ ಬೀಳಬೇಕಾದ್ದು ಕೊಡ ಕೈಬಿಟ್ಟ ವಾಕ್ಯದ ಕೆಳಗೆ.

ಅಲ್ಲಿ ಒಂದು ಕ್ಷಣ ನಿಂತು ನೋಡಿ. ತಾಯಿ ಹೊಸ್ತಿಲ ಹತ್ತಿರ ಇದ್ದಾಳೆ. ಸೊಂಟದ ಮೇಲೆ ತುಂಬಿದ ಕೊಡ, ಅಂದರೆ ಕೈ ಖಾಲಿ ಇಲ್ಲ. ತೊಟ್ಟಿಲು ಒಳಗಿದೆ, ಹತ್ತು ಹೆಜ್ಜೆ ಇರಬಹುದು. ಹೊಸ್ತಿಲಿಂದ ತೊಟ್ಟಿಲಿಗೆ ಇರುವ ಆ ಹತ್ತು ಹೆಜ್ಜೆಯಲ್ಲೇ ಇಡೀ ಕತೆ ಇದೆ. ಮುಂಗುಸಿ ಬಾಗಿಲಿಗೆ ಓಡಿ ಬರದೆ ತೊಟ್ಟಿಲ ಕೆಳಗೇ ಕೂತಿದ್ದರೆ ತಾಯಿ ಮೊದಲು ನೋಡುತ್ತಿದ್ದದ್ದು ಮಗುವನ್ನು. ಆಮೇಲೆ ಹಾವಿನ ತುಂಡನ್ನು. ಕೊನೆಗೆ ರಕ್ತವನ್ನು. ಕಂಡ ಕ್ರಮ ಬದಲಾಯಿತು, ಅಷ್ಟೇ. ಕತೆ ಕಟ್ಟಿದವರ ಜಾಣತನ ನೋಡಿ, ಪ್ರೀತಿಯಿಂದ ಓಡಿ ಬಂದದ್ದೇ ಆ ಪ್ರಾಣಿಗೆ ಮುಳುವಾಗುವ ಹಾಗೆ ಮಾಡಿದ್ದಾರೆ.

ಹಂತ 2: ಯಾರಿಗೆ ಏನು ಗೊತ್ತಿತ್ತು, ಯಾವಾಗ?

ಹಾಳೆಯಲ್ಲಿ ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ, ಕೆಲಸ ಮಾಡಿದವರಿಗೆ ಏನು ಗೊತ್ತಿತ್ತು. ಎರಡನೆಯದರಲ್ಲಿ, ಅನುಭವಿಸಿದವರಿಗೆ ಏನು ಗೊತ್ತಿತ್ತು. ಮೂರನೆಯದು ನಮ್ಮದು, ಕತೆ ಕೇಳುವವರದು. ಜಾಸ್ತಿ ಜನ ಈ ಮೂರನೆಯದನ್ನು ಮರೆಯುತ್ತಾರೆ. ಆದರೆ ಈ ಜಾತಿಯ ಕತೆಗಳು ಓಡುವುದೇ ಅದರ ಮೇಲೆ. ಹಾವು ಸತ್ತದ್ದು ನಮಗೆ ಗೊತ್ತು, ತಾಯಿಗೆ ಗೊತ್ತಿಲ್ಲ. 'ಬೇಡಮ್ಮಾ, ಬೇಡ' ಎಂದು ಕೂಗಬೇಕು ಅನ್ನಿಸುವುದು ಅದಕ್ಕೇ. ಹಾವಿನ ವಿಷಯವನ್ನು ಕೊನೆಗೆ ಹೇಳಿ ನೋಡಿ. ಕತೆ ಸಪ್ಪೆಯಾಗಿಬಿಡುತ್ತದೆ.

ಈಗ ಸ್ವಲ್ಪ ಕಷ್ಟದ ಕತೆ. ದೊಡ್ಡವರಿಗೆ ಮಾತ್ರ. ಜನಪದ ಕತೆಗಳನ್ನು ಕಲೆಹಾಕಿದ ಕವಿ ಎ.ಕೆ. ರಾಮಾನುಜನ್ ಅವರಿಗೆ ಉತ್ತರ ಕರ್ನಾಟಕದಲ್ಲಿ ಸಿಕ್ಕಿದ್ದು. ಒಂದು ಹೆಣ್ಣುಮಗು ಹುಟ್ಟುತ್ತದೆ. ತಾನು ಹೆತ್ತ ಮಗನನ್ನೇ ಮದುವೆಯಾಗಿ ಅವನಿಂದ ಮಗು ಹೆರುತ್ತಾಳೆ ಎಂದು ಅವಳ ಹಣೆಯಲ್ಲಿ ಬರೆದಿದೆ. ವಿಷಯ ತಿಳಿದ ಹುಡುಗಿ ಗಂಡಸರ ಮುಖವೇ ಬೇಡ ಎಂದು ದಟ್ಟ ಕಾಡು ಸೇರುತ್ತಾಳೆ. ಹಣ್ಣು ತಿಂದು ಬದುಕುತ್ತಾಳೆ. ಒಂದು ದಿನ ಒಂದು ಮಾವಿನ ಹಣ್ಣು ತಿನ್ನುತ್ತಾಳೆ. ಆ ಮರದ ಬುಡದಲ್ಲಿ ದಾರಿಹೋಕ ರಾಜನೊಬ್ಬ ಮೂತ್ರ ಮಾಡಿ ಹೋಗಿದ್ದ. ಹಣ್ಣಿನಿಂದಲೇ ಬಸಿರಾಗುತ್ತಾಳೆ. ಗಂಡು ಮಗು. ಗಾಬರಿಯಾಗಿ ತನ್ನ ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಪಕ್ಕದ ರಾಜ್ಯದ ರಾಜ ಅದನ್ನು ಎತ್ತಿ ಸಾಕುತ್ತಾನೆ. ಹುಡುಗ ದೊಡ್ಡವನಾಗಿ ಅದೇ ಕಾಡಿಗೆ ಬೇಟೆಗೆ ಬರುತ್ತಾನೆ. ಇನ್ನು ನನಗೆ ಮಗನೇ ಇಲ್ಲವಲ್ಲ, ಭಯ ಯಾಕೆ ಎಂದುಕೊಂಡು ಅವಳು ಅವನನ್ನು ಮದುವೆಯಾಗುತ್ತಾಳೆ.

ಕಾಲಂ ತುಂಬಿಸಿ ನೋಡಿ. ಹಣೆಬರಹ ಅವಳಿಗೆ ಮೊದಲೇ ಗೊತ್ತು. ಮರದ ವಿಷಯ ಗೊತ್ತಿಲ್ಲ. ಅವನು ಯಾರೆಂದು ಗೊತ್ತಿಲ್ಲ. ತಪ್ಪಿಸಿಕೊಳ್ಳಲು ಅವಳು ಮಾಡಿದ ಒಂದೊಂದು ಕೆಲಸವೂ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಕಾಡಿಗೆ ಹೋಗದಿದ್ದರೆ ಆ ಹಣ್ಣಿಲ್ಲ. ಮಗುವನ್ನು ಹೊಳೆಗೆ ಬಿಡದೆ ಸಾಕಿದ್ದರೆ ಅವನ ಗುರುತು ತಪ್ಪುತ್ತಿರಲಿಲ್ಲ. ಹಾಗಾಗಿ 'ಗೊತ್ತಿತ್ತಾ, ಇಲ್ವಾ' ಎಂದಷ್ಟೇ ಕೇಳಿದರೆ ಸಾಲದು. 'ಯಾವುದು ಗೊತ್ತಿತ್ತು, ಎಲ್ಲಿಯವರೆಗೆ ಗೊತ್ತಿತ್ತು' ಎಂದು ಕೇಳಬೇಕು.

ಕೊನೆ ಏನಾಯಿತು? ಸ್ವಲ್ಪ ತಡೆಯಿರಿ, ಆ ಸೀರೆಯ ತುಂಡು ಮತ್ತೆ ಬೇಕು.

ಹಂತ 3: ಇದು ಯಾವ ಥರದ 'ಗೊತ್ತಿಲ್ಲ'?

ಎಲ್ಲ 'ಗೊತ್ತಿಲ್ಲ'ಗಳೂ ಒಂದೇ ಅಲ್ಲ. ಕಣ್ಣಿಗೆ ಕಂಡದ್ದನ್ನೇ ನಂಬಿ ಕೆಟ್ಟದ್ದು ಒಂದು ಬಗೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆ ಇರುವುದೇ ಇಂಥದ್ದಕ್ಕೆ. ಎದುರಿಗಿರುವವರು ಯಾರೆಂದು ತಿಳಿಯದೆ ಮಾಡಿದ್ದು ಇನ್ನೊಂದು. ಸರಯೂ ದಂಡೆಯ ಕತ್ತಲಲ್ಲಿ ದಶರಥ ಬಾಣ ಬಿಟ್ಟದ್ದು ಆನೆಗೆ ಎಂದುಕೊಂಡು. ಅಲ್ಲಿ ಗುಳುಗುಳು ಎನ್ನುತ್ತಿದ್ದದ್ದು ಕೊಡಕ್ಕೆ ನೀರು ತುಂಬುವ ಸದ್ದು. ಬಾಯಿ ತಪ್ಪಿ ಮಾತು ಕೊಡುವುದು ಮೂರನೆಯದು. 'ಮನೆಗೆ ಹೋದಾಗ ಮೊದಲು ಎದುರಿಗೆ ಬಂದದ್ದು ನಿನಗೆ' ಎಂದು ಅಪ್ಪನೊಬ್ಬ ರಾಕ್ಷಸನಿಗೋ ದೇವರಿಗೋ ಹೇಳಿಬಿಡುತ್ತಾನೆ. ನಾಯಿಯೋ ಕುರಿಯೋ ಬರುತ್ತದೆ ಎಂದುಕೊಂಡಿರುತ್ತಾನೆ. ಎದುರಿಗೆ ಓಡಿ ಬರುವುದು ಮಗಳು.

ನಾಲ್ಕನೆಯ ಬಗೆಯ ಬಗ್ಗೆ ಮಾತ್ರ ಹುಷಾರಾಗಿರಿ. ಅದು 'ಗೊತ್ತಿಲ್ಲ'ದ ವೇಷ ಹಾಕಿಕೊಂಡು ಬರುತ್ತದೆ.

ಹೂವಿನ ಗಿಡವಾಗುವ ಹುಡುಗಿಯ ಕತೆ ಕೇಳಿದ್ದೀರಲ್ವಾ? ಅದೂ ಕನ್ನಡದ್ದೇ, ರಾಮಾನುಜನ್ ಅವರ ಇಂಗ್ಲಿಷಿನಿಂದ ಹೊರಗೂ ಹೆಸರಾಯಿತು. ಬಡವಿಯ ಕಿರಿ ಮಗಳು ಮೈಮೇಲೆ ಒಂದು ಕೊಡ ನೀರು ಸುರಿಸಿಕೊಂಡು ಗಿಡವಾಗುತ್ತಾಳೆ. ಹೂವು ಕಿತ್ತ ಮೇಲೆ ಇನ್ನೊಂದು ಕೊಡ ನೀರು ಸುರಿದರೆ ಮತ್ತೆ ಹುಡುಗಿ. ಷರತ್ತು ಇಷ್ಟೇ. ನೀರಿಗೆ ಉಗುರು ತಾಗಬಾರದು. ಹೂವು ಕೀಳುವಾಗ ಎಲೆ ಹರಿಯಬಾರದು, ಕೊಂಬೆ ಮುರಿಯಬಾರದು. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಅವನ ತಂಗಿ ಕದ್ದು ನೋಡಿ, ಗೆಳತಿಯರ ಜೊತೆ ಅತ್ತಿಗೆಯನ್ನು ಸುರಹೊನ್ನೆ ತೋಟಕ್ಕೆ ಕರೆದುಕೊಂಡು ಹೋಗಿ, ಗಿಡವಾಗು ಎಂದು ಪೀಡಿಸುತ್ತಾಳೆ. ಹುಡುಗಿ ಬೇಡ ಬೇಡ ಎಂದು, ಕೊನೆಗೆ ಒಪ್ಪಿ, ಹೇಗೆ ಮಾಡಬೇಕೆಂದು ಬಿಡಿಸಿ ಹೇಳುತ್ತಾಳೆ. ಕೇಳುವವರು ಯಾರು? ಕೊಂಬೆ ಮುರಿದು ಹೂವು ಕೀಳುತ್ತಾರೆ. ಮಳೆ ಬರುತ್ತದೆ. ಎರಡನೇ ಕೊಡ ಹೇಗೋ ಸುರಿದು ಮನೆಗೆ ಓಡುತ್ತಾರೆ. ತೋಟದಲ್ಲಿ ಉಳಿದದ್ದು ಕೈಯಿಲ್ಲದ ಕಾಲಿಲ್ಲದ ಒಂದು ಮೈ.

ಆ ಹುಡುಗಿಯರಿಗೆ ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ, ಪಾಪ, ಎಂದು ಒಂದು ತರಗತಿಯ ಮಕ್ಕಳು ವಾದ ಮಾಡಿದ್ದರು. ಕತೆ ಆ ವಾದ ಒಪ್ಪುವುದಿಲ್ಲ. ಹೇಳಿಸಿಕೊಂಡಿದ್ದರಲ್ಲ! ಹೇಳಿಸಿಕೊಂಡೂ ಕಿವಿಗೆ ಹಾಕಿಕೊಳ್ಳದೆ ಮಾಡಿದ್ದು ಬೇರೆ, ಅರಿಯದೆ ಮಾಡಿದ್ದು ಬೇರೆ. ಕೊನೆಗೆ ಗಂಡನೇ ಮುರಿದ ಕೊಂಬೆಗಳನ್ನು ಸರಿಮಾಡಿ ಕಟ್ಟಿ, ನೀರು ಸುರಿದು, ಹೆಂಡತಿಯನ್ನು ಉಳಿಸಿಕೊಳ್ಳುತ್ತಾನೆ. ತಂಗಿಯನ್ನು ರಾಜ ಸುಣ್ಣದ ಗುಂಡಿಗೆ ತಳ್ಳಿಸುತ್ತಾನೆ. ಆ ಶಿಕ್ಷೆ ವಿಪರೀತ ಅನ್ನಿಸುತ್ತದೆ ನನಗೆ. ಆದರೆ ಕತೆ ಎಲ್ಲಿ ಗೆರೆ ಎಳೆಯುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಹಾಗಾಗಿ ಯಾವ ಕತೆಯೇ ಇರಲಿ, ಮೊದಲು ಒಂದು ಪ್ರಶ್ನೆ ಕೇಳಿ. ಇವರಿಗೆ ಯಾರಾದರೂ ಮುಂಚೆ ಹೇಳಿದ್ದರಾ?

ಹಂತ 4: ವಸ್ತುವಿನ ಹಿಂದೆ ಹೋಗಿ

ಈಗ ಸೀರೆಯ ತುಂಡಿಗೆ ಬರೋಣ. ಕಾಡಿನ ಹುಡುಗಿಗೆ ತನ್ನ ಗಂಡನಿಂದ ಮಗುವಾಗುತ್ತದೆ. ಅಪ್ಪ ಎಳೆಗೂಸಾಗಿದ್ದಾಗ ಸುತ್ತಿದ್ದ ಬಟ್ಟೆಯನ್ನು ಹೊಸ ಮಗುವಿಗೆ ಹಾಸುವುದು ಆ ಮನೆಯ ಪದ್ಧತಿ. ಪೆಟ್ಟಿಗೆಯಿಂದ ಬಟ್ಟೆ ತೆಗೆಯುತ್ತಾರೆ. ಅವಳು ನೋಡುತ್ತಾಳೆ. ಅವಳದೇ ಸೀರೆ.

ಯಾರೂ ಬಂದು ಹೇಳಲಿಲ್ಲ. ಆಕಾಶವಾಣಿ ಆಗಲಿಲ್ಲ. ಬಟ್ಟೆಯೇ ಸಾಕ್ಷಿ. ಎಲ್ಲರೂ ಮಲಗಿದ ಮೇಲೆ ಅವಳು ತೊಟ್ಟಿಲು ತೂಗುತ್ತಾ ಜೋಗುಳ ಹಾಡುತ್ತಾಳೆ. ಅದರಲ್ಲಿ ಮಗುವನ್ನು ಮಗನೇ ಎಂದು ಕರೆಯುತ್ತಾಳೆ, ಮೊಮ್ಮಗನೇ ಎಂದು ಕರೆಯುತ್ತಾಳೆ, ಗಂಡನ ತಮ್ಮನೇ ಎಂದೂ ಕರೆಯುತ್ತಾಳೆ. ಮೂರೂ ಸುಳ್ಳಲ್ಲ, ಲೆಕ್ಕ ಹಾಕಿ ನೋಡಿ. ಆಮೇಲೆ ಉಟ್ಟ ಸೀರೆಯನ್ನೇ ಹುರಿ ಮಾಡಿ ತೊಲೆಗೆ ನೇಣು ಹಾಕಿಕೊಳ್ಳುತ್ತಾಳೆ.

ಇಂಥ ಕತೆಗಳಲ್ಲಿ ಒಂದು ಸಾಮಾನು ಎರಡು ಸಲ ಬರುತ್ತದೆ. ಮೊದಲ ಸಲ ಸುಮ್ನೆ ಬರುತ್ತದೆ, ಎರಡನೇ ಸಲ ಸತ್ಯ ಹೊತ್ತುಕೊಂಡು ಬರುತ್ತದೆ. ಉಂಗುರ, ಸೀರೆಯ ತುಂಡು, ಬಟ್ಟಲು, ಮೆಟ್ಟು, ಏನು ಬೇಕಾದರೂ ಆಗಬಹುದು. ನಿಮ್ಮ ಹತ್ತು ವಾಕ್ಯದಲ್ಲಿ ಎರಡು ಸಲ ಕಾಣಿಸಿಕೊಂಡ ವಸ್ತುವಿಗೆ ಸುತ್ತು ಹಾಕಿ. ಕತೆ ಹೇಳುವಾಗ ಮೊದಲ ಸಲವೇ ಅದರ ಬಣ್ಣವನ್ನೋ ಅಂಚನ್ನೋ ಹೇಳಿಬಿಡಿ. ಎರಡನೇ ಸಲ ಬಂದಾಗ ವಿವರಿಸಬೇಕಾಗಿಲ್ಲ, ಮಕ್ಕಳೇ 'ಅಯ್ಯೋ' ಅನ್ನುತ್ತಾರೆ.

ಹಂತ 5: ಬೆಲೆ ವಸೂಲಿ ಮಾಡಿದವರು ಯಾರು?

ದಶರಥನಿಗೆ ಶಾಪ ಕೊಟ್ಟದ್ದು ಕುರುಡ ತಂದೆ. ಹೂವಿನ ಹುಡುಗಿಯ ಕತೆಯಲ್ಲಿ ಶಿಕ್ಷೆ ಕೊಟ್ಟದ್ದು ರಾಜ. ಮುಂಗುಸಿ ಕತೆಯಲ್ಲಿ ಯಾರೂ ಇಲ್ಲ. ಪೊಲೀಸಿಲ್ಲ, ಪಂಚಾಯ್ತಿ ಇಲ್ಲ, ದೇವರೂ ಇಲ್ಲ. ತಾಯಿ, ಒಡೆದ ಕೊಡ, ಆಡುತ್ತಿರುವ ಮಗು. 'ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ' ಅನ್ನುತ್ತಾರಲ್ಲ, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಏನೇ ಆದರೂ 'ಅದು ಅವರ ಕರ್ಮ' ಎಂದು ಮುಗಿಸುವ ಚಾಳಿ ನಮ್ಮಲ್ಲಿದೆ. ಬಾಯಿಂದ ಬಾಯಿಗೆ ಬಂದ ಕತೆಗಳಲ್ಲಿ ಹೋದ ಜನ್ಮದ ಲೆಕ್ಕ ಅಷ್ಟಾಗಿ ಬರುವುದಿಲ್ಲ. ತಾವು ಕಲೆಹಾಕಿದ ಕನ್ನಡ ಕತೆಗಳ ಬಗ್ಗೆ ರಾಮಾನುಜನ್ ಕೂಡ ಇದನ್ನು ಹೇಳಿದ್ದಾರೆ. ಅಲ್ಲಿರುವುದು ಹಣೆಬರಹ, ವಿಧಿ. ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಕರ್ಮ ಎಂದರೆ ನೀನೇ ಹಿಂದೆ ಮಾಡಿದ್ದು, ತಪ್ಪು ನಿನ್ನದು. ಹಣೆಬರಹ ಎಂದರೆ ಬರೆದವರು ಬೇರೆ. ಮಾವಿನ ಹಣ್ಣು ತಿಂದವಳನ್ನು ಕತೆ ಎಲ್ಲೂ ಬೈಯುವುದಿಲ್ಲ.

ಕರ್ಮದ ಲೆಕ್ಕ ಬೇಕಾದವರು ಜನ್ನನ ಯಶೋಧರ ಚರಿತೆಗೆ ಹೋಗಬೇಕು. 1209ರ ಕಾವ್ಯ. ಅಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ತಾಯಿ ಮಗ, ಜನ್ಮದ ಮೇಲೆ ಜನ್ಮ ಪ್ರಾಣಿಗಳಾಗಿ ಹುಟ್ಟಿ ಒದ್ದಾಡುತ್ತಾರೆ. ಹಿಟ್ಟಿನದಾದರೇನು, ಕೊಲ್ಲುವ ಮನಸ್ಸಿತ್ತಲ್ಲ ಅನ್ನುತ್ತದೆ ಅದು. ಮನಸ್ಸಿನಲ್ಲಿ ಏನಿತ್ತು ಎಂದು ಜನ್ನ ಕೇಳುತ್ತಾನೆ. ಅಜ್ಜಿ ಕತೆ ಕೇಳುವುದು, ಆಮೇಲೆ ಏನಾಯಿತು ಎಂದು. ಎರಡನ್ನೂ ಕಲಸಬೇಡಿ.

ಹೋಲಿಸಿ ನೋಡಲು ಕೆರೆಗೆ ಹಾರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಮರೆತು ಬಂದ ಬಂಗಾರದ ಬಟ್ಟಲು ತರಲು ಭಾಗೀರಥಿ ಕೆರೆಯ ಮೆಟ್ಟಿಲು ಇಳಿಯುತ್ತಾಳೆ. ಅವಳಿಗೆ ಎಲ್ಲ ಗೊತ್ತು. ಗೊತ್ತಿಲ್ಲದವನು ದಂಡಿನಲ್ಲಿರುವ ಗಂಡ ಮಾದೇವರಾಯ.

ಹಂತ 6: ಕತೆಯ ಅಣ್ಣತಮ್ಮಂದಿರನ್ನು ಹುಡುಕಿ

ಮುಂಗುಸಿ ಕತೆ ಪಂಚತಂತ್ರದ ಐದನೇ ಭಾಗದಲ್ಲಿದೆ. ಆ ಭಾಗದ ಹೆಸರೇ ಅಪರೀಕ್ಷಿತಕಾರಕ, ಅಂದರೆ ಹಿಂದುಮುಂದು ನೋಡದೆ ಮಾಡಿದ್ದು. ಬ್ರಿಟನ್ನಿನ ವೇಲ್ಸ್‌ಗೆ ಹೋದರೆ ಮುಂಗುಸಿ ನಾಯಿಯಾಗುತ್ತದೆ, ಹಾವು ತೋಳವಾಗುತ್ತದೆ. ರಾಜ ಲ್ಲೆವೆಲಿನ್ ಬೇಟೆಯಿಂದ ಬಂದು, ರಕ್ತ ಮೆತ್ತಿದ ಗೆಲರ್ಟ್ ಎಂಬ ನಾಯಿಯನ್ನು ಕತ್ತಿಯಿಂದ ಇರಿಯುತ್ತಾನೆ. ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ ಆ ನಾಯಿಯ ಸಮಾಧಿಯನ್ನು ಈಗಲೂ ತೋರಿಸುತ್ತಾರೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಹೋಟೆಲ್ ಮಾಲೀಕನೊಬ್ಬ ಗಿರಾಕಿಗಳು ಬರಲಿ ಎಂದು ಮಾಡಿದ ಉಪಾಯ ಅದು ಎನ್ನುತ್ತಾರೆ. ನಗು ಬರುತ್ತದೆ, ಆದರೂ ಜನ ಹೋಗಿ ಕಣ್ಣೀರು ಹಾಕುತ್ತಾರೆ.

ಫ್ರಾನ್ಸಿನದು ಇನ್ನೂ ಸ್ವಾರಸ್ಯ. 13ನೇ ಶತಮಾನದಲ್ಲಿ ಲಿಯೋನ್ ಹತ್ತಿರದ ಹಳ್ಳಿಯವರು ಹೀಗೆಯೇ ಸತ್ತ ಗಿನೆಫೋರ್ ಎಂಬ ನಾಯಿಗೆ ಸಂತನ ಪಟ್ಟ ಕೊಟ್ಟಿದ್ದರು. ಕಾಯಿಲೆ ಬಿದ್ದ ಕೂಸುಗಳನ್ನು ಅದರ ಗೋರಿಗೆ ಕರೆತರುತ್ತಿದ್ದರು. ಕೇಳಿ ಬೆಚ್ಚಿಬಿದ್ದ ಒಬ್ಬ ಪಾದ್ರಿ ನಾಯಿಯ ಮೂಳೆ ಅಗೆಸಿ ಸುಡಿಸಿದ. ತಪ್ಪು ತಿಳಿದು ಕೊಂದ ಪ್ರಾಣಿಗೆ ಜನ ಪೂಜೆ ಮಾಡಿ ಸಮಾಧಾನ ಮಾಡಿಕೊಂಡರು ಅಂತ ನಾನು ಅಂದುಕೊಂಡಿದ್ದೇನೆ.

ಹುಡುಕಲು ಒಂದು ಸಲಕರಣೆಯೂ ಇದೆ. ಅಮೆರಿಕದ ಜಾನಪದ ವಿದ್ವಾಂಸ ಸ್ಟಿತ್ ಥಾಮ್ಸನ್ 1932ರಿಂದ 1936ರವರೆಗೆ ಆರು ಸಂಪುಟಗಳಲ್ಲಿ ತಂದ ಆಶಯ ಸೂಚಿ, ಅಂದರೆ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳ ಪಟ್ಟಿ. ಅದರಲ್ಲಿ 'ಎನ್' ಅಕ್ಷರದ ವಿಭಾಗ ಅದೃಷ್ಟ ಮತ್ತು ವಿಧಿಯದ್ದು. 300ರಿಂದ 399ರವರೆಗಿನ ನಂಬರುಗಳು ಕೆಟ್ಟ ಆಕಸ್ಮಿಕಗಳಿಗೆ. ಅರಿಯದೆ ಕೊಂದದ್ದು 320ರಲ್ಲಿ, ದುಡುಕಿ ಕೊಂದದ್ದು 340ರಲ್ಲಿ, ತಿಳಿಯದೆ ಮಾಡಿದ ಅಪರಾಧ 360ರಲ್ಲಿ ಶುರುವಾಗುತ್ತವೆ. ಮುಂಗುಸಿ ಕತೆಗೆ ಬೇರೊಂದು ಪಟ್ಟಿಯಲ್ಲಿ, ಅಂದರೆ ಆರ್ನೆ, ಥಾಮ್ಸನ್, ಊಥರ್ ಮಾಡಿದ ಕತೆಗಳ ವರ್ಗೀಕರಣದಲ್ಲಿ, 178ಎ ಎಂಬ ನಂಬರಿದೆ. ನಂಬರು ಸಿಕ್ಕಿತು ಎಂದು ಕತೆ ಅರ್ಥವಾಯಿತು ಎಂದಲ್ಲ. ಮನೆ ನಂಬರಿನ ಹಾಗೆ, ವಿಳಾಸಕ್ಕೆ ಮಾತ್ರ.

ಹಂತ 7: ಹೇಳುವಾಗ

ನೀತಿ ಹೇಳಬೇಡಿ. ನಿಜವಾಗಿಯೂ ಬೇಡ. ಗೆರೆ ಎಳೆದ ವಾಕ್ಯಕ್ಕೆ ಬಂದಾಗ ಸ್ವಲ್ಪ ನಿಲ್ಲಿಸಿ, ಒಂದು ಉಸಿರಿನಷ್ಟು. 'ನೀನಾಗಿದ್ರೆ ಏನ್ಮಾಡ್ತಿದ್ದೆ' ಎಂದು ಕೇಳಬೇಡಿ, ಅದು ಪರೀಕ್ಷೆಯ ಪ್ರಶ್ನೆ ಆಗಿಬಿಡುತ್ತದೆ. 'ಅವಳಿಗೆ ಏನು ಕಾಣಿಸ್ತಿತ್ತು?' ಎಂದು ಕೇಳಿ. ಮಕ್ಕಳು ಬಾಗಿಲಲ್ಲಿ ನಿಂತು ನೋಡಲು ಶುರು ಮಾಡುತ್ತಾರೆ.

ಕೊನೆಯನ್ನು ತಿದ್ದಬೇಡಿ. ಮುಂಗುಸಿ ಬದುಕಿತು ಎಂದು ನಾನೊಮ್ಮೆ ಹೇಳಿ ನೋಡಿದೆ. 'ಹಾಗಿದ್ರೆ ಅವಳು ಯಾಕೆ ಅಳ್ತಾಳೆ?' ಎಂದಳು ನಮ್ಮ ಹುಡುಗಿ. ತೀರಾ ಚಿಕ್ಕವರಾಗಿದ್ದರೆ ಆ ಕತೆ ಇನ್ನೆರಡು ವರ್ಷ ಕಾಯಲಿ, ಬೇರೆ ಕತೆಗಳಿಗೇನು ಬರವೇ?

ಹಂತ 8: ಹಿರಿಯರಿಂದ ಬರೆದುಕೊಳ್ಳುವಾಗ

ಫೋನಿನ ರೆಕಾರ್ಡರ್ ಸಾಕು, ಆದರೆ ಮೊದಲು ಕೇಳಿ, ಒಪ್ಪಿದ ಮೇಲೆ ಒತ್ತಿ. ಕುಕ್ಕರ್ ಮತ್ತು ಫ್ಯಾನಿನಿಂದ ದೂರ ಕೂರಿ. ಮಧ್ಯೆ 'ಯಾಕೆ' ಎಂದು ಕೇಳಬೇಡಿ. 'ಹೂಂ' ಅನ್ನಿ, 'ಆಮೇಲೆ?' ಅನ್ನಿ. ಯಾಕೆ ಎಂದು ಕೇಳಿದ ಕೂಡಲೇ ಅಜ್ಜಿ ಕತೆ ಬಿಟ್ಟು ನೀತಿಗೆ ಇಳಿಯುತ್ತಾರೆ. ನಿಮಗೆ ಗೊತ್ತಿರುವ ಕತೆಗೂ ಅವರದಕ್ಕೂ ವ್ಯತ್ಯಾಸ ಬಂದರೆ ತಿದ್ದಬೇಡಿ. ಕೊಡದ ಬದಲು ಒನಕೆ ಎಂದರೆ ಒನಕೆ ಎಂದೇ ಬರೆಯಿರಿ. ಊರು, ತಾರೀಕು, ಅವರು ಯಾರಿಂದ ಕೇಳಿದ್ದು ಅನ್ನುವುದು ಕೊನೆಯಲ್ಲಿ ಇರಲಿ.

ಇದನ್ನು ಮುಂದಿನ ರಜೆಗೆ ಮಾಡೋಣ ಅಂದುಕೊಳ್ಳುವವರಿಗೆ ಇನ್ನೊಂದು ಕತೆ. ಇದೂ ನಮ್ಮ ಕಡೆಯದ್ದೇ, ಗೊತ್ತಿಲ್ಲದೆ ಏನೂ ಮಾಡದೇ ಇದ್ದವಳದ್ದು.

ಒಬ್ಬಳಿಗೆ ಒಂದು ಕತೆ ಬರುತ್ತಿತ್ತು, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗಿದ್ದ ಎರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದವು. ಕತೆ ಒಂದು ಜೊತೆ ಮೆಟ್ಟಾಗಿ ಬಾಗಿಲ ಹತ್ತಿರ ಕೂತಿತು. ಹಾಡು ಗಂಡಸರ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ. ಯಾರು ಬಂದಿದ್ದಾರೆ ಎಂದ. ಯಾರೂ ಇಲ್ಲ ಎಂದಳು. ಮತ್ತೆ ಈ ಮೆಟ್ಟು, ಈ ಅಂಗಿ? ನನಗೇನು ಗೊತ್ತು ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಜಗಳ ಜೋರಾಯಿತು. ಗಂಡ ಕಂಬಳಿ ಹೆಗಲಿಗೆ ಹಾಕಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ.

ಊರಿನ ದೀಪಗಳೆಲ್ಲ ಆರಿಸಿದ ಮೇಲೆ ರಾತ್ರಿ ಕಳೆಯುವುದು ಆ ಗುಡಿಯಲ್ಲೇ. ಎಲ್ಲ ಬಂದು ಹರಟೆ ಹೊಡೆಯುತ್ತಿದ್ದವು. ಒಂದು ಮಾತ್ರ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದವು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ ಮುಗಿಯಲೇ ಇಲ್ಲ ಎಂದು ಆ ದೀಪ ಮೆಟ್ಟಿನ ಗುಟ್ಟು, ಅಂಗಿಯ ಗುಟ್ಟು ಎಲ್ಲ ಹೇಳಿತು. ಕಂಬಳಿಯೊಳಗೆ ಮಲಗಿದ್ದವನು ಕೇಳಿಸಿಕೊಂಡ. ಅನುಮಾನ ಹೋಯಿತು. ಬೆಳಗಾದಾಗ ಮನೆಗೆ ಬಂದು ಹೆಂಡತಿಯನ್ನು ಕೇಳಿದ, ನಿನಗೆ ಬರುವ ಆ ಕತೆ ಯಾವುದು, ಆ ಹಾಡು ಯಾವುದು, ಸ್ವಲ್ಪ ಹೇಳೇ ಅಂತ.

ಅವಳು ಅವನ ಮುಖ ನೋಡಿದಳು. "ಯಾವ ಕತೆ? ಯಾವ ಹಾಡು?"